ಸ್ಮಶಾನದ ಕಂಪೆನಿ ಮಾರಿದ ಊರು

(ಪಕ್ಷದ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)

ಈ ಶಿಬಿರದಲ್ಲಿ ನನಗೆ ವಹಿಸಿರುವ ವಿಷಯ "ನೆಲ ಮತ್ತು ನಗರ". ಭೂಮಿಯ ಪ್ರಶ್ನೆ ಎಂದ ಕೂಡಲೆ ನಮ್ಮ ಕಣ್ಣ ಮುಂದೆ ಬರುವುದು ಗದ್ದೆ, ಗೇಣಿ, ಒಡೆಯ, ಒಕ್ಕಲು. ಅದು ಸಹಜ. ಆದರೆ ಊರು ಬೆಳೆದು ಪೇಟೆಯಾಗುವಾಗ, ಪೇಟೆ ಬೆಳೆದು ನಗರವಾಗುವಾಗ, ಪೈರು ಬೆಳೆಯದ ನೆಲವೂ ಚಿನ್ನದ ಬೆಳೆ ಕೊಡುತ್ತದೆ. ಆ ಬೆಳೆಯನ್ನು ಬಿತ್ತುವವರು ಯಾರು, ಕೊಯ್ಯುವವರು ಯಾರು ಎಂಬುದೇ ಇಂದಿನ ಪ್ರಶ್ನೆ.

ನಾನು ಮೇಷ್ಟ್ರ ಕೆಲಸದಿಂದ ಬಂದವನು. ಒಂದು ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸದೆ ಬರಿಯ ಸೂತ್ರ ಹೇಳಿ ಕೂರುವುದು ನನಗೆ ಒಗ್ಗದು. ಆದ್ದರಿಂದ ಒಂದೇ ಒಂದು ಊರನ್ನು ತೆಗೆದುಕೊಳ್ಳುತ್ತೇನೆ. ಇಂಗ್ಲೆಂಡಿನ ಊರು, ಹೆಸರು ವೋಕಿಂಗ್. ಲಂಡನ್ನಿನ ವಾಟರ್ಲೂ ಸ್ಟೇಷನ್ನಿನಿಂದ ನೈರುತ್ಯಕ್ಕೆ 24 ಮೈಲಿ, ಸರ್ರೆ ಎಂಬ ಸ್ಥಿತಿವಂತ ಕೌಂಟಿಯಲ್ಲಿದೆ. ವೇಗದ ರೈಲಿಗೆ ಅರ್ಧ ಗಂಟೆಯೂ ಬೇಡ. 2021ರ ಜನಗಣತಿಯ ಪ್ರಕಾರ ಆ ಪುರಸಭೆಯ ವ್ಯಾಪ್ತಿಯಲ್ಲಿ ಸುಮಾರು 1 ಲಕ್ಷ 4 ಸಾವಿರ ಜನ. ಬೆಳಿಗ್ಗೆ ರೈಲು ಹತ್ತಿ ಲಂಡನ್ನಿನ ಕಚೇರಿಗಳಿಗೆ ಹೋಗಿ ಸಂಜೆ ಮನೆಗೆ ಮರಳುವವರ ಊರು ಎಂದೇ ಅದರ ಖ್ಯಾತಿ. ಸೀಸನ್ ಟಿಕೆಟ್ಟಿನ ಊರು ಎಂದು ಕರೆಯಬಹುದು.

ಈ ಊರನ್ನೇ ಏಕೆ ಆರಿಸಿದೆ? 2023ರ ಜೂನ್ 7ರಂದು ಈ ಊರಿನ ಪುರಸಭೆ, ತನ್ನ ಆದಾಯದಲ್ಲಿ ಖರ್ಚು ತೂಗಿಸಲು ಸಾಧ್ಯವಿಲ್ಲವೆಂದು ಕಾನೂನು ಪ್ರಕಾರ ನೋಟೀಸು ಹೊರಡಿಸಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ದಿವಾಳಿ. ಬಡ ಊರೊಂದು ದಿವಾಳಿಯಾದರೆ ಆಶ್ಚರ್ಯವಿಲ್ಲ. ಸಿರಿವಂತರು ವಾಸಿಸುವ ಊರು ದಿವಾಳಿಯಾಯಿತೆಂದರೆ ಬುಡದಿಂದ ವಿಚಾರಿಸಬೇಕಾಗುತ್ತದೆ.

ರೈಲಿಗೆ ಮೊದಲು

ವೋಕಿಂಗ್ ಎಂಬ ಹೆಸರಿನ ಹಳ್ಳಿ ಹಳೆಯದು. 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಅದರ ಹೆಸರಿದೆ. ವೇ ನದಿಯ ದಡದ ಆ ಹಳ್ಳಿಯ ಹತ್ತಿರ ಟ್ಯೂಡರ್ ಅರಸರ ಅರಮನೆಯೊಂದಿತ್ತು. ಆದರೆ ಈಗಿನ ವೋಕಿಂಗ್ ಪಟ್ಟಣ ಇರುವುದು ಅಲ್ಲಲ್ಲ. ಅದು ಹಳೆಯ ಹಳ್ಳಿಗೆ ಒಂದೂವರೆ ಮೈಲಿಯಷ್ಟು ದೂರದಲ್ಲಿ, ಆಗ ಮನೆಮಠವಿಲ್ಲದಿದ್ದ ಬಯಲಿನಲ್ಲಿ ಎದ್ದ ಊರು.

ಆ ಬಯಲಿನ ಮಣ್ಣು ಮರಳು ಮಣ್ಣು. ಒಳ್ಳೆಯ ಬೇಸಾಯಕ್ಕೆ ಬಾರದು. ಕುರುಚಲು ಗಿಡ, ಮುಳ್ಳುಪೊದೆ, ಅಲ್ಲಲ್ಲಿ ಜೌಗು. ಒಡೆತನ ಜಮೀನ್ದಾರನದು, ಆದರೆ ಸುತ್ತಲಿನ ಹಳ್ಳಿಗರಿಗೆ ಅದರ ಮೇಲೆ ಪರಂಪರೆಯಿಂದ ಬಂದ ಹಕ್ಕುಗಳಿದ್ದವು. ದನ ಮೇಯಿಸಬಹುದು, ಒಲೆಗೆ ಹುಲ್ಲುಹೆಂಟೆ ಕಡಿದು ತರಬಹುದು, ಕೊಟ್ಟಿಗೆಗೆ ಸೊಪ್ಪು ತರಬಹುದು. ಅವರು ಅದನ್ನು "ಕಾಮನ್" ಎನ್ನುತ್ತಾರೆ. ಗೋಮಾಳ ಎಂದರೆ ನಿಮಗೆ ಬೇಗ ಅರ್ಥವಾದೀತು. ಬಡವನ ಮನೆಯ ಒಲೆ ಉರಿಯುತ್ತಿದ್ದುದು, ಒಂದು ಹಸು ಬದುಕುತ್ತಿದ್ದುದು ಈ ಬಯಲಿನಿಂದ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದರ ಹೆಸರು "ಪಾಳು ಭೂಮಿ". ಸಂಗಾತಿಗಳೇ, ಬಡವನಿಗೆ ಉಪಯೋಗವಾಗುವ ನೆಲಕ್ಕೆಲ್ಲ ಪಾಳು ಎಂಬ ಹೆಸರು ಬೀಳುವುದು ಏಕೆಂದು ಯೋಚಿಸಿ.

1794ರಲ್ಲಿ ಬೇಸಿಂಗ್‌ಸ್ಟೋಕ್ ಕಾಲುವೆ ಈ ಬಯಲಿನ ಮೂಲಕ ಹಾದುಹೋಯಿತು. 1838ರ ಮೇ 21ರಂದು ಲಂಡನ್ ಮತ್ತು ಸೌತಾಂಪ್ಟನ್ ರೈಲ್ವೆಯ ಮೊದಲ ಭಾಗ, ಲಂಡನ್ನಿನ ನೈನ್ ಎಲ್ಮ್ಸ್‌ನಿಂದ ಇಲ್ಲಿಯವರೆಗೆ, ತೆರೆಯಿತು. ಸ್ಟೇಷನ್ನಿಗೆ ಇಟ್ಟ ಹೆಸರೇ "ವೋಕಿಂಗ್ ಕಾಮನ್". ಊರಿಗಾಗಿ ಕಟ್ಟಿದ ಸ್ಟೇಷನ್ನಲ್ಲ ಅದು; ಬಂದರಿಗೆ ಹೋಗುವ ದಾರಿಯ ನಿಲುಗಡೆ. 1840ರ ಹೊತ್ತಿಗೆ ಹಳಿ ಸೌತಾಂಪ್ಟನ್ ಮುಟ್ಟಿತು. 1845ರಲ್ಲಿ ಗಿಲ್ಡ್‌ಫರ್ಡ್ ಕಡೆಗೆ ಕವಲು ಒಡೆಯಿತು. ಹೀಗೆ ಬರಿಯ ಬಯಲು ಜಂಕ್ಷನ್ನಾಯಿತು. ಜಂಕ್ಷನ್ನಾದ ಕೂಡಲೆ ಬಂಡವಾಳದ ಕಣ್ಣು ಅದರ ಮೇಲೆ ಬಿತ್ತು.

ಸತ್ತವರ ಹೆಸರಿನಲ್ಲಿ

ಈಗ ಲಂಡನ್ನಿಗೆ ಹೋಗೋಣ. 1801ರಲ್ಲಿ ಹತ್ತು ಲಕ್ಷದಷ್ಟಿದ್ದ ಅದರ ಜನಸಂಖ್ಯೆ 1851ಕ್ಕೆ ಇಪ್ಪತ್ಮೂರು ಲಕ್ಷ ದಾಟಿತು. ಬದುಕಿದವರಿಗೇ ಜಾಗವಿಲ್ಲದ ಕಡೆ ಸತ್ತವರಿಗೆ ಜಾಗ ಎಲ್ಲಿಂದ ಬಂದೀತು? ಚರ್ಚುಗಳ ಅಂಗಳದಲ್ಲಿ ಹೆಣದ ಮೇಲೆ ಹೆಣ ಹೂಳುತ್ತಿದ್ದರು. 1848-49ರ ಕಾಲರಾದಲ್ಲಿ ಲಂಡನ್ನಿನಲ್ಲಿ ಸುಮಾರು 14 ಸಾವಿರ ಜನ ಸತ್ತರು. ನಗರದೊಳಗೆ ಹೂಳುವುದನ್ನು ತಡೆಯಬೇಕೆಂಬ ಕೂಗು ಎದ್ದಿತು. ಇದು ನಿಜವಾದ ಸಾರ್ವಜನಿಕ ಅಗತ್ಯ. ಸರ್ಕಾರವೇ ಜಾಗ ಕೊಂಡು ಸ್ಮಶಾನ ನಡೆಸಬೇಕೆಂಬ ಯೋಚನೆಯೂ ಆಗ ಇತ್ತು. ಅದು ಕೈಗೂಡಲಿಲ್ಲ. ಬಂದದ್ದು ಕಂಪೆನಿ.

1852ರಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿ "ಲಂಡನ್ ನೆಕ್ರೋಪೊಲಿಸ್" ಎಂಬ ಕಂಪೆನಿಗೆ ವೋಕಿಂಗಿನ ಬಯಲನ್ನು ಕೊಳ್ಳಲು ಅಧಿಕಾರ ಕೊಟ್ಟಿತು. ನೆಕ್ರೋಪೊಲಿಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಸತ್ತವರ ನಗರ. ಮಾರಿದವನು ಜಮೀನ್ದಾರ ಲಾರ್ಡ್ ಆನ್‌ಸ್ಲೋ. ಕೊಂಡದ್ದು ಎರಡು ಸಾವಿರ ಎಕರೆಗೂ ಮೀರಿ. ಹಳ್ಳಿಗರ ಮೇವು ಮತ್ತು ಉರುವಲಿನ ಹಕ್ಕುಗಳನ್ನು ಪರಿಹಾರದ ಹಣ ಕೊಟ್ಟು ಕಾನೂನಿನಿಂದಲೇ ಅಳಿಸಿಹಾಕಿದರು. ಇಡೀ ಲಂಡನ್ನಿನ ಹೆಣಗಳನ್ನು ನೂರಾರು ವರ್ಷ ಹೂಳಿದರೂ ತುಂಬದಷ್ಟು ನೆಲ ಇದು ಎಂದು ಕಂಪೆನಿಯವರು ಹೇಳಿದರು. ಸ್ಮಶಾನದ ನೆಪದಲ್ಲಿ ಇದು ಭೂಮಿಯ ವ್ಯಾಪಾರವೆಂದು ಅನುಮಾನಿಸಿದವರು ಆಗಲೇ ಇದ್ದರು. ಅವರ ಮಾತು ನಡೆಯಲಿಲ್ಲ. ಕಾಲರಾದ ಭಯ ಮುಂದಿರುವಾಗ, ಸ್ಮಶಾನಕ್ಕೆ ಅಡ್ಡಿ ಮಾಡುವವನು ಜನದ್ರೋಹಿಯಾಗಿ ಕಾಣುವುದಿಲ್ಲವೆ?

1854ರ ನವೆಂಬರಿನಲ್ಲಿ ಬ್ರೂಕ್‌ವುಡ್ ಎಂಬಲ್ಲಿ ಸ್ಮಶಾನ ತೆರೆಯಿತು. ವಾಟರ್ಲೂ ಬಳಿ ಕಂಪೆನಿಯದೇ ಪ್ರತ್ಯೇಕ ಸ್ಟೇಷನ್ನು. ಅಲ್ಲಿಂದ ಹೆಣದ ರೈಲು. ಆ ರೈಲಿನ ದರಪಟ್ಟಿಯನ್ನು ಗಮನವಿಟ್ಟು ಕೇಳಿ. ಬದುಕಿದವರಿಗೆ ಹೋಗಿಬರುವ ಟಿಕೆಟ್ಟು: ಒಂದನೆ ದರ್ಜೆ 6 ಷಿಲ್ಲಿಂಗು, ಎರಡನೆ ದರ್ಜೆ 3 ಷಿಲ್ಲಿಂಗು 6 ಪೆನ್ಸು, ಮೂರನೆ ದರ್ಜೆ 2 ಷಿಲ್ಲಿಂಗು. ಹೆಣಕ್ಕೆ ಒಂದೇ ಕಡೆಯ ಟಿಕೆಟ್ಟು, ಅದರಲ್ಲಿಯೂ ದರ್ಜೆ: ಒಂದನೆಯದಕ್ಕೆ 1 ಪೌಂಡು, ಎರಡನೆಯದಕ್ಕೆ 5 ಷಿಲ್ಲಿಂಗು, ಮೂರನೆಯದಕ್ಕೆ 2 ಷಿಲ್ಲಿಂಗು 6 ಪೆನ್ಸು. ಆಂಗ್ಲಿಕನ್ ಚರ್ಚಿನವರ ಡಬ್ಬಿ ಬೇರೆ, ಉಳಿದ ಪಂಥದವರ ಡಬ್ಬಿ ಬೇರೆ. ಸತ್ತ ಮೇಲೆ ಎಲ್ಲರೂ ಸಮಾನರೆಂದು ಹೇಳುವ ವೇದಾಂತಿಗಳು ಈ ದರಪಟ್ಟಿಯನ್ನು ಓದಬೇಕು. ಸತ್ತ ಮೇಲೂ ವರ್ಗವಿದೆ, ಪಂಥವಿದೆ, ಡಬ್ಬಿಯಿದೆ.

ಕಂಪೆನಿಗೆ ನ್ಯಾಯವಾಗಿ ಸಲ್ಲಬೇಕಾದ ಒಂದು ಮಾತನ್ನೂ ಹೇಳಬೇಕು. ಚರ್ಚಿನ ಪ್ಯಾರಿಷ್‌ನ ಖರ್ಚಿನಲ್ಲಿ ಬರುತ್ತಿದ್ದ ದಿಕ್ಕಿಲ್ಲದವರ ಹೆಣವನ್ನೂ ಅಲ್ಲಿ ಒಂದೇ ಗುಂಡಿಯಲ್ಲಿ ರಾಶಿ ಹಾಕುತ್ತಿರಲಿಲ್ಲ. ಒಂದು ದೇಹಕ್ಕೆ ಒಂದು ಗುಂಡಿ. ಆ ಕಾಲದ ಲಂಡನ್ನಿನಲ್ಲಿ ಬಡವರಿಗೆ ಇದೂ ಸಿಕ್ಕುತ್ತಿರಲಿಲ್ಲ.

ಮಿಕ್ಕ ನೆಲದ ಮಹಿಮೆ

ವರ್ಷಕ್ಕೆ ಹತ್ತಾರು ಸಾವಿರ ಹೆಣ ಬರುತ್ತವೆಂದು ಕಂಪೆನಿಯವರು ಎಣಿಸಿದ್ದರು. ಬಂದದ್ದು ವರ್ಷಕ್ಕೆ ಎರಡು ಸಾವಿರದ ಆಸುಪಾಸು. ಹೆಣದಿಂದ ಲಾಭವಾಗದಿದ್ದರೆ ಏನಂತೆ, ನೆಲ ಇದೆಯಲ್ಲ! ಸ್ಮಶಾನ ತೆರೆದ ಮರುವರ್ಷ, 1855ರಲ್ಲಿಯೇ, ಇನ್ನೊಂದು ಕಾಯ್ದೆ ಮಾಡಿಸಿಕೊಂಡು ಮಿಕ್ಕ ನೆಲವನ್ನು ಮಾರುವ ಅಧಿಕಾರವನ್ನು ಕಂಪೆನಿ ಪಡೆಯಿತು. ಹಳ್ಳಿಗರ ಹಕ್ಕನ್ನು ಕಿತ್ತುಕೊಂಡದ್ದು ಸತ್ತವರಿಗಾಗಿ. ಮಾರಿದ್ದು ಬದುಕಿರುವ ಕೊಳ್ಳುಗರಿಗೆ. ಈಗಿನ ವೋಕಿಂಗ್ ಪಟ್ಟಣ ಹುಟ್ಟಿದ್ದು ಹೀಗೆ.

ಯಾರು ಕೊಂಡರು? ಮೊದಲು ಬಂದವು, ಲಂಡನ್ನು ತನ್ನ ಕಣ್ಣಿಗೆ ಬೀಳಬಾರದೆಂದು ಬಯಸುವ ಸಂಸ್ಥೆಗಳು. ನಾಪ್‌ಹಿಲ್‌ನಲ್ಲಿ ರೋಗಿಷ್ಟ ಕೈದಿಗಳ ಸೆರೆಮನೆ, ಆಮೇಲೆ ಹೆಂಗಸರ ಸೆರೆಮನೆ. 1867ರಲ್ಲಿ ಬ್ರೂಕ್‌ವುಡ್‌ನ ಹುಚ್ಚಾಸ್ಪತ್ರೆ. ಮುದಿ ನಟರಿಗೆ ಒಂದು ಆಶ್ರಯ ಕಾಲೇಜು. 1878ರಲ್ಲಿ ಬ್ರಿಟನ್ನಿನ ಮೊದಲ ವಿದ್ಯುಕ್ತ ದಹನಗೃಹವೂ ಇಲ್ಲಿಯೇ ಕಟ್ಟಲ್ಪಟ್ಟಿತು. ಸುಡುವುದು ಕ್ರೈಸ್ತರಿಗೆ ಸಲ್ಲದೆಂದು ಗಲಾಟೆಯಾಗಿ, ಕಾನೂನು ಪ್ರಕಾರ ಮೊದಲ ದಹನ ನಡೆದದ್ದು 1885ರ ಮಾರ್ಚಿನಲ್ಲಿ.

ಸಂಸ್ಥೆಗಳ ಹಿಂದೆ ಮನೆಗಳು ಬಂದವು. ಲಂಡನ್ನಿನ ವಕೀಲರು, ಬ್ಯಾಂಕಿನವರು, ವಿಶ್ರಾಂತ ಸೇನಾಧಿಕಾರಿಗಳು ಗುಡ್ಡದ ಮೇಲಿನ ಪೈನ್ ಮರಗಳ ನಡುವೆ ಬಂಗಲೆ ಕಟ್ಟಿದರು. ಅವರಿಗೆ ಸೇವೆ ಮಾಡುವ ಕೂಲಿಗಳು, ರೈಲ್ವೆ ಕೆಲಸಗಾರರು, ಅಂಗಡಿಯವರು ಹಳಿಯ ಪಕ್ಕದ ಸಾಲುಮನೆಗಳಲ್ಲಿ ಸೇರಿದರು. 1893ರಲ್ಲಿ ಲಂಡನ್ನಿನ ಬ್ಯಾರಿಸ್ಟರುಗಳು ಕಂಪೆನಿಯ ನೆಲದಲ್ಲಿ ಗಾಲ್ಫ್ ಕ್ಲಬ್ಬು ತೆಗೆದರು. ಹೆಣದ ರೈಲಿನ ದರ ಕಾಯ್ದೆಯಿಂದ ಕಟ್ಟುಬಿದ್ದು ಏರದೆ ಉಳಿದಿತ್ತಾದ್ದರಿಂದ, ಗಾಲ್ಫ್ ಆಡುವ ದೊಡ್ಡಮನುಷ್ಯರು ಶೋಕದ ಕಪ್ಪು ಬಟ್ಟೆ ತೊಟ್ಟು ಅಗ್ಗದ ಟಿಕೆಟ್ಟಿನಲ್ಲಿ ಹೋಗುತ್ತಿದ್ದರೆಂಬ ಕಥೆಯೂ ಉಂಟು.

ಇಲ್ಲಿ ಒಂದು ಗಳಿಗೆ ನಿಲ್ಲೋಣ. ನೆಲಕ್ಕೆ ಬೆಲೆ ಬಂದದ್ದು ಯಾರಿಂದ? ಕಂಪೆನಿ ಹಳಿ ಹಾಕಲಿಲ್ಲ. ರೈಲು ಓಡಿಸುವ ಕಾರ್ಮಿಕ ಅದರವನಲ್ಲ. ಲಂಡನ್ನು ಬೆಳೆದದ್ದರಿಂದ, ರೈಲು ಬಂದದ್ದರಿಂದ, ಸಾವಿರಾರು ಜನ ಅಲ್ಲಿ ಮನೆ ಮಾಡಿದ್ದರಿಂದ ಬೆಲೆ ಬಂತು. ಅಂದರೆ ಬೆಲೆಯನ್ನು ಹುಟ್ಟಿಸಿದ್ದು ಸಮಾಜ; ಜೇಬಿಗೆ ಹಾಕಿಕೊಂಡದ್ದು ಕಂಪೆನಿ. ಆ ಬೆಲೆಯಿಂದ ಊರಿಗೆ ಬಂದದ್ದೇನು? ಸ್ಟೇಷನ್ನು ಬಂದು 55 ವರ್ಷವಾದ ಮೇಲೆ, 1893ರಲ್ಲಿ, ಆ ಊರಿಗೆ ಒಂದು ಸ್ಥಳೀಯ ಬೋರ್ಡು ಸಿಕ್ಕಿತು. 1894ರ ಕಾಯ್ದೆಯಿಂದ ನಗರ ಜಿಲ್ಲಾ ಕೌನ್ಸಿಲು ಆಯಿತು. ಅಷ್ಟರಲ್ಲಿ ನೆಲ ತುಂಡುತುಂಡಾಗಿ ಮಾರಿಹೋಗಿತ್ತು. ಚರಂಡಿ, ರಸ್ತೆ, ಶಾಲೆಗಳ ಖರ್ಚು ಮಾತ್ರ ತೆರಿಗೆ ಕೊಡುವವನ ಪಾಲು. ಲಾಭ ಖಾಸಗಿ, ಖರ್ಚು ಸಾರ್ವಜನಿಕ. ಈ ಮಾತನ್ನು ನೆನಪಿಡಿ. ನೂರಮೂವತ್ತು ವರ್ಷದ ನಂತರ ಮತ್ತೆ ಕೇಳುತ್ತೀರಿ.

ಈ ಊರಿಗೆ ಬಂದುಹೋದವರು

ಸಮಾಜವಾದಿಗಳಿಗೆ ಈ ಊರು ಬೇರೊಂದು ಕಾರಣಕ್ಕೂ ನೆನಪಿರಬೇಕು. 1895ರ ಆಗಸ್ಟ್ 5ರಂದು ಫ್ರೆಡರಿಕ್ ಎಂಗೆಲ್ಸ್ ಲಂಡನ್ನಿನಲ್ಲಿ ತೀರಿಕೊಂಡ. ಹೆಣದ ರೈಲಿನ ಸ್ಟೇಷನ್ನಿನಲ್ಲಿಯೇ ಯೂರೋಪಿನ ಸಮಾಜವಾದಿ ಮುಖಂಡರು ನೆರೆದು ಬೀಳ್ಕೊಟ್ಟರು, ವೋಕಿಂಗಿನಲ್ಲಿ ದಹನವಾಯಿತು, ಅಸ್ಥಿಯನ್ನು ಈಸ್ಟ್‌ಬೋರ್ನಿನ ಆಚೆ ಸಮುದ್ರಕ್ಕೆ ಬಿಟ್ಟರು. ಮೂರು ವರ್ಷದ ನಂತರ, 1898ರಲ್ಲಿ, ಕಾರ್ಲ್ ಮಾರ್ಕ್ಸನ ಕಿರಿಯ ಮಗಳು ಎಲಿಯನರ್‌ಳ ಅಂತ್ಯಕ್ರಿಯೆಯೂ ಇಲ್ಲಿಯೇ ನಡೆಯಿತು. ಗ್ಯಾಸ್ ಕಾರ್ಮಿಕರ ಸಂಘ ಕಟ್ಟಲು ದುಡಿದ ಹೆಣ್ಣುಮಗಳು ಅವಳು. ಭೂಮಿಯ ಖಾಸಗಿ ಒಡೆತನವನ್ನು ಜೀವಮಾನವಿಡೀ ವಿರೋಧಿಸಿದವರ ಕೊನೆಯ ಪ್ರಯಾಣ ನಡೆದದ್ದು ಭೂಮಿ ಮಾರುವ ಕಂಪೆನಿಯ ಊರಿಗೆ.

ಅದೇ 1895ರಲ್ಲಿ ಎಚ್. ಜಿ. ವೆಲ್ಸ್ ಇಲ್ಲಿನ ರೈಲುಹಳಿಯ ಎದುರಿನ ಮೇಬರಿ ರಸ್ತೆಯ ಒಂದು ಮನೆಯಲ್ಲಿ ಬಾಡಿಗೆಗಿದ್ದ. ಮುಂದೆ ಫೇಬಿಯನ್ ಸಂಘ ಸೇರಿದ ಈ ಲೇಖಕ, ಮಂಗಳಗ್ರಹದವರು ಭೂಮಿಗೆ ದಾಳಿಯಿಡುವ ತನ್ನ ಕಾದಂಬರಿಯಲ್ಲಿ ಅವರನ್ನು ಇಳಿಸಿದ್ದು ವೋಕಿಂಗಿನ ಹಾರ್ಸೆಲ್ ಕಾಮನ್‌ನಲ್ಲಿ.

ನಮ್ಮ ದೇಶಕ್ಕೂ ಒಂದು ನಂಟಿದೆ. ಮುದಿ ನಟರ ಕಾಲೇಜು ಮುಚ್ಚಿದ ಮೇಲೆ ಆ ಕಟ್ಟಡವನ್ನು ಲಾಹೋರಿನಲ್ಲಿ ಕೆಲಸ ಮಾಡಿ ಬಂದ ಡಾ. ಲೈಟ್ನರ್ ಎಂಬ ವಿದ್ವಾಂಸ ಕೊಂಡು ಪೌರ್ವಾತ್ಯ ವಿದ್ಯಾಸಂಸ್ಥೆ ತೆರೆದ. ಅದರ ಪಕ್ಕದಲ್ಲಿ 1889ರಲ್ಲಿ ಒಂದು ಮಸೀದಿ ಎದ್ದಿತು. ಭೋಪಾಲದ ಬೇಗಂ ಷಾಜಹಾನ್ ಕೊಟ್ಟ ಹಣದಿಂದ ಕಟ್ಟಿದ್ದರಿಂದ ಅದಕ್ಕೆ ಅವರದೇ ಹೆಸರು. ಬ್ರಿಟನ್ನಿನಲ್ಲಿ ಮಸೀದಿಯೆಂದೇ ಕಟ್ಟಿದ ಮೊದಲ ಕಟ್ಟಡ ಅದು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಸತ್ತ ಹಿಂದೂಸ್ತಾನದ ಮುಸ್ಲಿಂ ಸಿಪಾಯಿಗಳಿಗೆ ಹಾರ್ಸೆಲ್ ಕಾಮನ್‌ನಲ್ಲಿ ಒಂದು ಸ್ಮಶಾನ ಮಾಡಿದರು. ಯಾರದೋ ಯುದ್ಧಕ್ಕೆ ಸತ್ತವರು ಯಾರದೋ ಗೋಮಾಳದಲ್ಲಿ ಮಲಗಿದರು.

ಜನರ ಕೈ ಮೇಲಾದ ಕಾಲ

1937ರಲ್ಲಿ ಈ ಹಳಿಗೆ ವಿದ್ಯುತ್ತು ಬಂತು. ರೈಲು ಹೆಚ್ಚಿತು, ಹೊತ್ತು ಕಡಮೆಯಾಯಿತು, ಗುಮಾಸ್ತರೂ ದೂರದಲ್ಲಿ ಮನೆ ಮಾಡುವಂತಾಯಿತು. 1941ರ ಏಪ್ರಿಲ್‌ನಲ್ಲಿ ಜರ್ಮನರ ಬಾಂಬು ಬಿದ್ದು ಹೆಣದ ರೈಲಿನ ಸ್ಟೇಷನ್ನು ಹಾಳಾಯಿತು. ಆ ರೈಲು ಮತ್ತೆ ಓಡಲಿಲ್ಲ.

ಯುದ್ಧ ಮುಗಿದ ಮೇಲೆ ಆಟ್ಲಿಯ ಲೇಬರ್ ಸರ್ಕಾರ ಬಂತು. ಈ ಊರಿನ ಲೆಕ್ಕದಲ್ಲಿ ಅದರ ಮೂರು ಕೆಲಸಗಳು ಮುಖ್ಯ. ಒಂದು, 1948ರ ಜನವರಿ 1ರಂದು ರೈಲ್ವೆ ರಾಷ್ಟ್ರದ ಸೊತ್ತಾಯಿತು. ಎರಡು, ಲಂಡನ್ನಿನ ಕೌಂಟಿ ಕೌನ್ಸಿಲು ಬಾಂಬಿನಿಂದಲೂ ಕೊಳಕು ಕೇರಿಗಳಿಂದಲೂ ಬೇಸತ್ತ ಕುಟುಂಬಗಳಿಗಾಗಿ ವೋಕಿಂಗಿನ ಷಿಯರ್‌ವಾಟರ್‌ನಲ್ಲಿ ಸಾವಿರಕ್ಕೂ ಮೀರಿ ಮನೆಗಳನ್ನು ಕಟ್ಟಿತು. ನೂರು ವರ್ಷದಲ್ಲಿ ಮೊದಲ ಸಲ ಲಂಡನ್ನಿನ ಕೂಲಿಕಾರ ಈ ಊರಿಗೆ ಹೆಣವಾಗಿ ಅಲ್ಲದೆ, ಮನೆಯೊಕ್ಕಲಾಗಿ ಮೂರನೆ ದರ್ಜೆಯಲ್ಲಿ ಬಂದ ಎನ್ನಬಹುದು. ಮೂರು, 1947ರ ನಗರ ಯೋಜನಾ ಕಾಯ್ದೆ. ಹೊಲ ಮನೆಕಟ್ಟೆಯಾಗಲು ಸರ್ಕಾರ ಅನುಮತಿ ಕೊಟ್ಟಾಗ ಏರುವ ಬೆಲೆ ಒಡೆಯನ ಶ್ರಮದ ಫಲವಲ್ಲ. ಆದ್ದರಿಂದ ಆ ಏರಿಕೆ ನೂರಕ್ಕೆ ನೂರರಷ್ಟು ಸಮಾಜಕ್ಕೆ ಸೇರಬೇಕೆಂದು ಆ ಕಾಯ್ದೆ ವಿಧಿಸಿತು. ನಾವು ಇಂದು ಬೆಳಿಗ್ಗೆಯಿಂದ ಆಡುತ್ತಿರುವ ಮಾತು ಅಲ್ಲಿ ಕಾನೂನೇ ಆಗಿತ್ತು.

ಆಗಿತ್ತು ಎಂದೆ. 1953ರಲ್ಲಿ ಕನ್ಸರ್ವೇಟಿವ್ ಸರ್ಕಾರ ಆ ವಸೂಲಿಯನ್ನು ತೆಗೆದುಹಾಕಿತು. 1967ರಲ್ಲಿ ಲೇಬರ್ ಸರ್ಕಾರ ನೂರಕ್ಕೆ ನಲವತ್ತರಂತೆ ಮತ್ತೆ ತಂದಿತು. ಮುಂದಿನ ಸರ್ಕಾರ ರದ್ದು ಮಾಡಿತು. 1976ರಲ್ಲಿ ಮೂರನೆಯ ಸಲ ತೆರಿಗೆಯ ರೂಪದಲ್ಲಿ ತಂದರು. 1985ರಲ್ಲಿ ಥ್ಯಾಚರ್ ಸರ್ಕಾರ ಅದನ್ನೂ ಅಳಿಸಿತು. ಮೂರು ಸಲ ಕಟ್ಟಿದ್ದನ್ನು ಮೂರು ಸಲ ಕೆಡವಿದರು. ಭೂಮಿಯ ಒಡೆಯರು ಸೋತರೂ ಸುಮ್ಮನೆ ಕೂರುವವರಲ್ಲ. ತಾವು ಕಾದು ನಿಂತರೆ ಸಾಕು, ಕಾನೂನು ಹೋಗಿ ಬೆಲೆ ಉಳಿಯುತ್ತದೆ ಎಂದು ಅವರು ಬಲ್ಲರು. ಕಾನೂನು ಮಾಡಿದ ಮೇಲೆ ಅದನ್ನು ಕಾಯುವ ಜನಶಕ್ತಿ ಇಲ್ಲದಿದ್ದರೆ ಕಾನೂನು ಕಾಗದ.

ಇನ್ನು ರೈಲು. 1996ರ ಫೆಬ್ರವರಿಯಲ್ಲಿ ಈ ಮಾರ್ಗವನ್ನು ಖಾಸಗಿ ಕಂಪೆನಿಗೆ ಒಪ್ಪಿಸಿದರು. ಬ್ರಿಟನ್ನಿನಲ್ಲಿ ಮೊದಲು ಖಾಸಗಿಯಾದ ಮಾರ್ಗಗಳಲ್ಲಿ ಇದೂ ಒಂದು. ಸೀಸನ್ ಟಿಕೆಟ್ಟಿನವನಿಗೆ ಬೇರೆ ದಾರಿಯಿಲ್ಲ. ಒಂದೇ ಹಳಿ, ಒಂದೇ ಕಂಪೆನಿ. ಪೈಪೋಟಿಯಿಂದ ದರ ಇಳಿಯುತ್ತದೆಂಬ ಮಾತು ಹಳಿಯ ಮೇಲೆ ನಡೆಯುವುದಿಲ್ಲ. ಮೂವತ್ತು ವರ್ಷಕ್ಕೆ ಹತ್ತಿರವಾದ ಮೇಲೆ, ಹೊಸ ಕಾಯ್ದೆಯ ಪ್ರಕಾರ 2025ರ ಮೇ 25ರಂದು ಈ ಮಾರ್ಗ ಮತ್ತೆ ಸರ್ಕಾರದ ಕೈಗೆ ಬಂತು. ಸಾರ್ವಜನಿಕ ಒಡೆತನದಲ್ಲಿ ಹೊರಟ ಮೊದಲ ರೈಲು ಬೆಳಿಗ್ಗೆ 5 ಗಂಟೆ 36 ನಿಮಿಷಕ್ಕೆ ವೋಕಿಂಗಿನಿಂದ ಹೊರಟದ್ದು. ಅಂದು ಹಳಿ ದುರಸ್ತಿ ಇದ್ದುದರಿಂದ ಸ್ವಲ್ಪ ದೂರ ಜನರನ್ನು ಬಸ್ಸಿನಲ್ಲಿ ಸಾಗಿಸಬೇಕಾಯಿತು. ಪತ್ರಿಕೆಗಳು ನಕ್ಕವು. ನಗಲಿ. ಒಡೆತನ ಬದಲಾದ ಕೂಡಲೆ ಹಳಿ ಹೊಸದಾಗುವುದಿಲ್ಲ ಎಂಬುದನ್ನು ನಾವೂ ತಿಳಿದಿರಬೇಕು.

ದಿವಾಳಿಯ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಪುರಸಭೆ ದಿವಾಳಿಯಾದದ್ದು ಹೇಗೆ?

2010ರ ನಂತರ ಕೇಂದ್ರ ಸರ್ಕಾರ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ವರ್ಷವರ್ಷವೂ ಕಡಿಯುತ್ತ ಬಂತು. "ನಿಮ್ಮ ಆದಾಯ ನೀವೇ ಹುಡುಕಿಕೊಳ್ಳಿ" ಎಂಬ ಧೋರಣೆ. ಅದೇ ಹೊತ್ತಿಗೆ, ಸರ್ಕಾರದ ಸಾಲಮಂಡಲಿಯಿಂದ ಪುರಸಭೆಗಳಿಗೆ ಕಡಮೆ ಬಡ್ಡಿಗೆ ಸಾಲ ಸಿಗುತ್ತಿತ್ತು. ಸ್ಥಳೀಯ ಸಂಸ್ಥೆಗಳ ಲೆಕ್ಕ ತಪಾಸಣೆ ಮಾಡುತ್ತಿದ್ದ ಆಡಿಟ್ ಕಮಿಷನ್ನನ್ನು 2015ರಲ್ಲಿ ಮುಚ್ಚಿದರು. ಹಸಿವು, ಸುಲಭದ ಸಾಲ, ಕಾವಲಿಲ್ಲದ ಮನೆ - ಈ ಮೂರೂ ಕೂಡಿದರೆ ಏನಾಗಬೇಕೋ ಅದಾಯಿತು.

ವೋಕಿಂಗಿನ ಪುರಸಭೆ ತನ್ನದೇ ಕಂಪೆನಿಗಳನ್ನು ಮಾಡಿಕೊಂಡಿತ್ತು. ಸರ್ಕಾರದಿಂದ ಕಡಮೆ ಬಡ್ಡಿಗೆ ತಂದು, ತನ್ನ ಕಂಪೆನಿಗೆ ತುಸು ಹೆಚ್ಚಿನ ಬಡ್ಡಿಗೆ ಕೊಟ್ಟು, ನಡುವಿನ ವ್ಯತ್ಯಾಸವನ್ನು ಆದಾಯವೆಂದು ಬರೆದುಕೊಂಡಿತು. ಊರ ನಡುವೆ "ವಿಕ್ಟೋರಿಯಾ ಸ್ಕ್ವೇರ್" ಎಂಬ ಯೋಜನೆ: ಮೂವತ್ತು ಅಂತಸ್ತು ಮೀರಿದ ವಸತಿ ಗೋಪುರ, ಅಂಗಡಿ ಸಾಲು, ದೊಡ್ಡ ಹೋಟಲು. ಅದೊಂದಕ್ಕೇ ಸುಮಾರು 70 ಕೋಟಿ ಪೌಂಡು. ಅಸಲು ತೀರಿಸಲು ವರ್ಷವರ್ಷವೂ ಎತ್ತಿಡಬೇಕಾದ ಹಣವನ್ನು ಸರಿಯಾಗಿ ಎತ್ತಿಡಲಿಲ್ಲ. ಮಗಳ ಮದುವೆಗೆ ಸಾಲ ತಂದವನಿಗೂ ಗೊತ್ತಿರುವ ಸತ್ಯ ಇದು: ಬಡ್ಡಿ ಕಟ್ಟಿದರೆ ಸಾಲ ತೀರುವುದಿಲ್ಲ.

2023ರ ನೋಟೀಸಿನ ಹೊತ್ತಿಗೆ ಸಾಲ ಸುಮಾರು 190 ಕೋಟಿ ಪೌಂಡು. ಅದು 260 ಕೋಟಿಗೆ ಏರುವ ಅಂದಾಜು. ಆ ವರ್ಷ ಪುರಸಭೆಯ ಕೈಯಲ್ಲಿದ್ದ ಮೂಲ ಆದಾಯ 1 ಕೋಟಿ 60 ಲಕ್ಷ ಪೌಂಡು. ಎದುರಿಸಬೇಕಾಗಿದ್ದ ಕೊರತೆ 120 ಕೋಟಿ ಪೌಂಡು. ಎಪ್ಪತ್ತೈದು ಪಟ್ಟು! ಸಾಲವನ್ನು ಜನಸಂಖ್ಯೆಯಿಂದ ಭಾಗಿಸಿ ನೋಡಿ: ತೊಟ್ಟಿಲ ಕೂಸೂ ಸೇರಿ ತಲೆಗೆ 18 ಸಾವಿರ ಪೌಂಡಿಗೂ ಹೆಚ್ಚು.

ಈ ಸಾಲ ಬೆಳೆದದ್ದು ಕನ್ಸರ್ವೇಟಿವರ ಆಡಳಿತದಲ್ಲಿ. 2022ರಲ್ಲಿ ಅಧಿಕಾರಕ್ಕೆ ಬಂದ ಲಿಬರಲ್ ಡೆಮೋಕ್ರಾಟರಿಗೆ ಉಳಿದದ್ದು ನೋಟೀಸು ಹೊರಡಿಸುವ ಕೆಲಸ. ಲಂಡನ್ನಿನಿಂದ ಕಮಿಷನರುಗಳು ಬಂದು ಕೂತರು. ಸಾರ್ವಜನಿಕ ಶೌಚಾಲಯಗಳಿಗೆ ಬೀಗ. ಸಂಘಸಂಸ್ಥೆಗಳ ಸಹಾಯಧನಕ್ಕೆ ಕತ್ತರಿ. ನೌಕರರಿಗೆ ಮನೆಯ ದಾರಿ. 2024ರಲ್ಲಿ ಮನೆತೆರಿಗೆ ನೂರಕ್ಕೆ ಹತ್ತರಷ್ಟು ಏರಿತು. ಗೋಪುರ ಕಟ್ಟಿದಾಗ ಅಭಿಪ್ರಾಯ ಕೇಳದ ಮುದುಕಿಗೆ, ಗೋಪುರದ ಸಾಲ ತೀರಿಸಲು ಶೌಚಾಲಯ ಇಲ್ಲವಾಯಿತು. 2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಈ ಸಾಲದಲ್ಲಿ 50 ಕೋಟಿ ಪೌಂಡು ತಾನು ತೀರಿಸುವುದಾಗಿ ಹೇಳಿತು. ಸರ್ರೆಯ ಪುರಸಭೆಗಳನ್ನೆಲ್ಲ ಸೇರಿಸಿ ಎರಡು ದೊಡ್ಡ ಸಂಸ್ಥೆ ಮಾಡುವ ತೀರ್ಮಾನವನ್ನೂ ಪ್ರಕಟಿಸಿತು. ಸಾಲ ಮಾಡಿದ ಪುರಸಭೆಯೇ ಅಳಿಯುತ್ತದೆ, ಸಾಲ ಅಳಿಯುವುದಿಲ್ಲ.

ನಮ್ಮ ವಿರೋಧಿಗಳು ಏನು ಹೇಳುತ್ತಾರೆ

ಇದನ್ನು ಹೇಳಿದಾಗ ಕೆಲವರು ಎದ್ದು ಕೇಳುತ್ತಾರೆ: "ಸಾರ್ವಜನಿಕ ಸಂಸ್ಥೆಯೇ ವ್ಯಾಪಾರ ಮಾಡಿ ಹಾಳಾಯಿತಲ್ಲ, ಇದೇ ಅಲ್ಲವೆ ನಿಮ್ಮ ಸಮಾಜವಾದ?" ಉತ್ತರ ಕೊಡದೆ ನುಣುಚಿಕೊಳ್ಳಬಾರದು.

ಇದು ಸಮಾಜವಾದವಲ್ಲ. ನೆಕ್ರೋಪೊಲಿಸ್ ಕಂಪೆನಿಯ ಕೆಲಸವನ್ನೇ ಪುರಸಭೆ ತನ್ನ ಮುದ್ರೆ ಒತ್ತಿ ಮಾಡಿದ್ದು. ಕಂಪೆನಿ ನೆಲದ ಬೆಲೆ ಏರುತ್ತದೆಂದು ಜೂಜಾಡಿತು, ಗೆದ್ದಿತು. ಗೆಲುವು ಪಾಲುದಾರರಿಗೆ ಹೋಯಿತು. ಪುರಸಭೆ ಅದೇ ಜೂಜಾಡಿತು, ಸೋತಿತು. ಸೋಲು ಜನರ ಪಾಲಾಯಿತು. ಬೋರ್ಡಿನ ಮೇಲೆ ಸಾರ್ವಜನಿಕ ಎಂದು ಬರೆದ ಮಾತ್ರಕ್ಕೆ ಸಂಸ್ಥೆ ಜನರದಾಗುವುದಿಲ್ಲ. ಲೆಕ್ಕ ಜನರ ಮುಂದೆ ಇರಬೇಕು, ತೀರ್ಮಾನ ಜನರ ಒಪ್ಪಿಗೆಯಿಂದ ಆಗಬೇಕು, ಕೆಲಸ ಜನರ ಅಗತ್ಯಕ್ಕಾಗಿ ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅಧಿಕಾರಿಗಳ ಜಮೀನ್ದಾರಿ ಹುಟ್ಟುತ್ತದೆ. ಅದನ್ನು ಮೊದಲು ಟೀಕಿಸಬೇಕಾದವರು ನಾವೇ.

ಬೇರೆ ದಾರಿ ಇರಲಿಲ್ಲವೆ? ಇತ್ತು. ಅದೇ ಇಂಗ್ಲೆಂಡಿನಲ್ಲಿ, ಲಂಡನ್ನಿನ ಉತ್ತರಕ್ಕೆ, 1903ರಲ್ಲಿ ಲೆಚ್‌ವರ್ತ್ ಎಂಬ ಉದ್ಯಾನ ನಗರ ಹುಟ್ಟಿತು. ಅದರ ಕನಸುಗಾರ ಎಬೆನೆಜರ್ ಹೊವಾರ್ಡ್, ಪಾರ್ಲಿಮೆಂಟಿನ ಭಾಷಣಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ ಒಬ್ಬ ಸಾಧಾರಣ ನೌಕರ. ಅವನ ಸೂತ್ರ ಸರಳ: ನೆಲವನ್ನು ಹೊಲದ ಬೆಲೆಗೆ ಒಟ್ಟಾಗಿ ಕೊಳ್ಳಿ, ತುಂಡು ಮಾಡಿ ಮಾರಬೇಡಿ, ಗುತ್ತಿಗೆಗೆ ಕೊಡಿ, ಊರು ಬೆಳೆದಂತೆ ಏರುವ ಬಾಡಿಗೆಯನ್ನು ಊರಿಗೇ ಸುರಿಯಿರಿ. ಅಲ್ಲಿಯೂ ಖಾಸಗಿ ಪಾಲುದಾರರು ಆಸ್ತಿಯ ಮೇಲೆ ಕಣ್ಣು ಹಾಕಿದಾಗ, 1962ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಅದನ್ನು ಸಾರ್ವಜನಿಕ ನಿಗಮಕ್ಕೆ ವಹಿಸಿದರು. ಈಗ ಒಂದು ಧರ್ಮಸಂಸ್ಥೆ ನೋಡಿಕೊಳ್ಳುತ್ತದೆ. ಆ ಊರೂ ರಾಮರಾಜ್ಯವಲ್ಲ. ಅಲ್ಲಿಂದಲೂ ಜನ ಬೆಳಿಗ್ಗೆ ಲಂಡನ್ನಿನ ರೈಲು ಹತ್ತುತ್ತಾರೆ. ಆದರೆ ಅಲ್ಲಿನ ನೆಲದ ಆದಾಯದಲ್ಲಿ ಊರಿಗೆ ಪಾಲಿದೆ. ಅದೇ ದೇಶ, ಅದೇ ಲಂಡನ್ನು, ಅದೇ ರೈಲು. ಒಡೆತನ ಬೇರೆ, ಫಲ ಬೇರೆ.

ವೋಕಿಂಗಿನಲ್ಲಿಯೂ ಉಳಿದದ್ದು ಒಂದಿದೆ. ಹಾರ್ಸೆಲ್ ಕಾಮನ್ನನ್ನು ಕಾಪಾಡಲು 1910ರಲ್ಲಿ ಅಲ್ಲಿನ ನಿವಾಸಿಗಳು ಸಂಘ ಕಟ್ಟಿದರು. ಆ ಬಯಲು ಇಂದಿಗೂ ಬಯಲಾಗಿಯೇ ಇದೆ. ಯಾರು ಬೇಕಾದರೂ ನಡೆದು ಹೋಗಬಹುದು. ಜನ ಕೂಡಿ ನಿಂತ ಕಡೆ ನೆಲ ಉಳಿಯಿತು.

ಸೀಸನ್ ಟಿಕೆಟ್ಟಿನ ಊರಿನ ಮುಖ್ಯ ದೌರ್ಬಲ್ಯ ಇಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ. ದುಡಿಯುವ ಸ್ಥಳ ಒಂದು, ಮಲಗುವ ಸ್ಥಳ ಇನ್ನೊಂದು. ಸಂಘಟನೆ ಇದ್ದರೆ ಅದು ಕಚೇರಿಯಲ್ಲಿ. ಮನೆಗೆ ಬಂದ ಮೇಲೆ ದಣಿವು. ಪುರಸಭೆಯ ಸಭೆಗೆ ಹೋಗಿ ಲೆಕ್ಕ ಕೇಳಲು ಹೊತ್ತು ಯಾರಿಗಿದೆ? ಊರಿನ ಮೇಲೆ ಕಣ್ಣಿಡುವವರಿಲ್ಲದಾಗ ಊರನ್ನು ಒತ್ತೆಯಿಡುವವರು ಹುಟ್ಟುತ್ತಾರೆ.

ಆದ್ದರಿಂದ ಸಂಗಾತಿಗಳೇ, ಬೆಳೆಯುವ ಯಾವ ಊರಿಗೇ ನೀವು ಕೆಲಸಕ್ಕೆ ಹೋಗಿ, ಮೊದಲು ನಾಲ್ಕು ಪ್ರಶ್ನೆ ಕೇಳಿ. ಈ ನೆಲ ಹಿಂದೆ ಯಾರ ಉಪಯೋಗದಲ್ಲಿತ್ತು? ಯಾವ ಪುಣ್ಯಕಾರ್ಯದ ಹೆಸರಿನಲ್ಲಿ ಅದು ಕೈಬದಲಾಯಿತು? ಅದರ ಬೆಲೆ ಏರಿದಾಗ ಏರಿಕೆ ಯಾರ ಜೇಬಿಗೆ ಹೋಯಿತು? ಸಾಲವಾದಾಗ ಯಾರ ತಲೆಗೆ ಬಂತು? ಈ ನಾಲ್ಕಕ್ಕೂ ದಾಖಲೆ ಸಹಿತ ಉತ್ತರ ಬರೆದುಕೊಂಡು ಬನ್ನಿ. ಭಾಷಣವನ್ನು ಆಮೇಲೆ ಮಾಡೋಣ.